ಗಲಬತ್ತಿನ ಪಾಲು ಬಿಟ್ಟ ವರ್ಷ

ನೂಲುಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಕೂಸು ಹುಟ್ಟಿತು. ಅದೇ ಗಳಿಗೆಗೆ ನಮ್ಮೂರು ಕೇಣಿಯ ದೋಣಿಗಳಿಗೆಲ್ಲ ಸಮುದ್ರದ ಬಾಗಿಲು ಮುಚ್ಚಿತು. ಮೊದಲನೆಯದನ್ನು ಹೇಳಹೊರಟರೆ ನನ್ನ ಬಾಯಿ ನಿಲ್ಲುವುದಿಲ್ಲ. ಎರಡನೆಯದನ್ನು ಹೇಳಲು ಬಾಯಿ ಏಳುವುದೇ ಇಲ್ಲ. ಮೂರನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವನು ನಾನು. ಅಕ್ಷರ ಸೊಟ್ಟಗಿದ್ದರೂ ಎರಡನ್ನೂ ಒಟ್ಟಿಗೇ ಬರೆಯುತ್ತೇನೆ, ಯಾಕೆಂದರೆ ಒಂದನ್ನು ಬಿಟ್ಟು ಇನ್ನೊಂದಿಲ್ಲ.

ನಮ್ಮ ಮನೆಗೂ ಸಮುದ್ರದ ಬಾಗಿಲಿಗೂ ಏನು ಸಂಬಂಧ ಎಂದು ಕೇಳಬಹುದು. ಇಂಗ್ಲಿಷರು ಬರುವ ಮೊದಲು, ರಾಜರ ಕಾಲದಲ್ಲಿ, ಈ ದಡಕ್ಕೆ ಕಡಲುಗಳ್ಳರ ಕಾಟವಿತ್ತಂತೆ. ಅವರನ್ನು ತಡೆಯಲು ಅಳಿವೆಯ ಬಾಯಲ್ಲಿ ಗಲಬತ್ತು ನಿಲ್ಲಿಸುತ್ತಿದ್ದರು. ಗಲಬತ್ತು ಎಂದರೆ ಎರಡೂ ಮಗ್ಗುಲಿಗೆ ಹುಟ್ಟುಗಳ ಸಾಲು ಇರುವ, ಮೂತಿಗೆ ತೋಪು ಕಟ್ಟಿದ ಕಾವಲು ಹಡಗು. ಅದರಲ್ಲಿ ಹುಟ್ಟು ಹಾಕುವವರ ಹೊಟ್ಟೆ ತುಂಬಬೇಕಲ್ಲ. ಅದಕ್ಕೆ ರಾಜ ಪ್ರತಿ ದೋಣಿಯ ಮೇಲೆ, ಪ್ರತಿ ಬಲೆಯ ಮೇಲೆ ಕರ ಹಾಕಿದ. ರೊಕ್ಕದ ಕರವಲ್ಲ, ಮೀನಿನ ಕರ. ಬಲೆ ದಡಕ್ಕೆ ಬಂದಾಗ ಬೇರೆ ಯಾರ ಪಾಲನ್ನೂ ಹಾಕುವ ಮೊದಲು ಒಂದು ರಾಶಿ ತೆಗೆದಿಡಬೇಕು. ಅದೇ ಗಲಬತ್ತಿನ ಪಾಲು. ನಮ್ಮ ಹಿರಿಯರು ಆ ಗಲಬತ್ತಿನ ಹುಟ್ಟಾಳುಗಳು. ರಾಜ ಹೋದ, ಕಳ್ಳರು ಹೋದರು, ಗಲಬತ್ತು ಯಾವ ಕೆಸರಲ್ಲಿ ಹೂತು ಹೋಯಿತೋ ನೋಡಿದವರಿಲ್ಲ. ಪಾಲು ಮಾತ್ರ ಹೋಗಲಿಲ್ಲ. ಅಜ್ಜ ತಿಂದ, ಅಪ್ಪ ತಿಂದ, ನಾನೂ ತಿನ್ನುತ್ತಿದ್ದೆ.

ಆ ಪಾಲಿಗೆ ಬದಲಾಗಿ ನಮ್ಮ ಮನೆಗೆ ಉಳಿದಿದ್ದ ಕೆಲಸ ಒಂದೇ. ನೂಲುಹುಣ್ಣಿಮೆಯ ದಿನ, ಮಳೆಗಾಲ ಕಳೆದು ಮೊದಲ ಸಲ ದೋಣಿ ಇಳಿಸುವ ಮೊದಲು, ನಾವು ಹೋಗಿ ಸಮುದ್ರ ನೋಡಿ ಬರಬೇಕು. ಭರತದ ನೀರು ಏರಿ ತುಂಬುವ ಹೊತ್ತಿಗೆ ಸಣ್ಣ ದೋಣಿಯಲ್ಲಿ ಇಬ್ಬರು ಹುಟ್ಟು ಹಾಕುತ್ತಾರೆ, ನಾನು ಮುಂದೆ ಕೂರುತ್ತೇನೆ. ಅಳಿವೆಯ ಬಾಯಲ್ಲಿ ದೊಡ್ಡ ತೆರೆಗಳು ಒಂದರ ಬೆನ್ನಿಗೆ ಒಂದು ಬಂದು ಒಡೆಯುತ್ತವೆ, ಆಮೇಲೆ ನೀರು ಸ್ವಲ್ಪ ಉಸಿರು ಬಿಡುತ್ತದೆ. ಆ ಉಸಿರು ಹಿಡಿದು ದಾಟಿಬಿಡಬೇಕು. ದಾಟಿದ ಮೇಲೆ ಎದ್ದು ನಿಂತು ಬಡಗಲಿಗೆ ಕಾರವಾರದ ನಡುಗಡ್ಡೆಗಳತ್ತ, ಪಡುವಲಿಗೆ, ತೆಂಕಲಿಗೆ, ಕೊನೆಗೆ ಊರಿನತ್ತ ನೋಡಬೇಕು. ವೈರಿಯ ಹಾಯಿ ಕಾಣದಿದ್ದರೆ ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿಯಬೇಕು. ದಡದಲ್ಲಿ ನಿಂತವರು ಅದನ್ನು ಕಂಡು ಸಮುದ್ರಕ್ಕೆ ತೆಂಗಿನಕಾಯಿ ಬಿಡುತ್ತಾರೆ. ತಿರುಗಿ ಬಂದು "ಸಮುದ್ರ ಖಾಲಿ ಅದೆ" ಎಂದು ಕೂಗಿದ ಮೇಲೆಯೇ ಉಳಿದ ದೋಣಿಗಳು ಇಳಿಯುವುದು. ಪಾಲು ತಿಂದವನು ನೋಡಬೇಕು, ನೋಡದೆ ಯಾರೂ ಇಳಿಯಬಾರದು. ಇದು ಊರಿನ ಕಟ್ಟು.

ವರ್ಷಕ್ಕೆ ಒಂದು ಬೆಳಗಿನ ಕೆಲಸ. ಉಳಿದ ದಿನವೆಲ್ಲ ನಾನು ಬುಟ್ಟಿ ಹಿಡಿದು ದಡದ ಮೇಲಿನ ಹೊನ್ನೆ ಮರದ ಬುಡದಲ್ಲಿ ಕೂರುವವನು. ಬೇಡುವವನಿಗೆ ಬೇಡುವ ಬಾಯಾದರೂ ಬೇಕು. ನನಗೆ ಅದೂ ಬೇಕಿರಲಿಲ್ಲ. ಕೆಳಗೆ ಗಂಡಸರು ಹೆಂಗಸರು ಎರಡು ಸಾಲಾಗಿ ರಾಂಪಣಿ ಬಲೆಯ ಹಗ್ಗ ಎಳೆಯುತ್ತಿದ್ದರೆ ನಾನು ದೂರದಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದೆ. ಊರಿನವರು ನನ್ನ ಹೆಸರನ್ನೇ ಮರೆತು "ಗಲಬತ್ತು" ಎನ್ನುತ್ತಿದ್ದರು. "ಗಲಬತ್ತು ಬಂತು ನೋಡ್ರಾ, ತೋಪು ಹಾರಿಸ್ತದೆ, ಕಿವಿ ಮುಚ್ಕಣಿ" ಎಂದು ಹುಡುಗಿಯರೂ ನಗುತ್ತಿದ್ದರು. ನಾನೂ ನಕ್ಕುಬಿಡುತ್ತಿದ್ದೆ.

ನಗು ನಿಂತದ್ದು ಹಿಂದಿನ ಬೇಸಿಗೆಯಲ್ಲಿ. ಶೆಟಗೇರಿಯ ರೈತನೊಬ್ಬ ಕೇಣಿಗೆ ಹಗ್ಗ ಎಳೆಯಲು ಬಂದಿದ್ದ. ಸರ್ಕಾರಕ್ಕೆ ಭೂಮಿಯ ಕರ ಕೊಡುವುದಿಲ್ಲ ಎಂದು ಕೂತವರಲ್ಲಿ ಅವನೂ ಒಬ್ಬ. ಗದ್ದೆ ಹರಾಜಾಯಿತು, ಎತ್ತು ಹೊಡೆದುಕೊಂಡು ಹೋದರು, ಬಚ್ಚಲ ಹಂಡೆಯನ್ನೂ ಬಿಡಲಿಲ್ಲ. ಜೈಲಿನಿಂದ ಹೊರಗೆ ಬಂದಾಗ ಉಳುವುದಕ್ಕೆ ಏನೂ ಇಲ್ಲದೆ ಸಮುದ್ರಕ್ಕೆ ಬಂದ. ಒಂದು ದಿನ ಬೆವರು ಒರೆಸುತ್ತ ನನ್ನ ಪಕ್ಕ ಬಂದು ಕೂತು, ತೆಗೆದಿಟ್ಟ ರಾಶಿಯನ್ನು ತೋರಿಸಿ ಕೇಳಿದ:

"ಕಾಕಾ, ಅದು ಯಾರ ಪಾಲು?"

"ಗಲಬತ್ತಿಂದು."

"ಅದು ಯಾವ ದೋಣಿ?"

"ದೋಣಿ ಅಲ್ಲ ತಮಾ, ಕರ. ರಾಜರ ಕಾಲದ್ದು. ಸಮುದ್ರ ಕಾಯೂಕೆ ಅಂತ ಹಾಕದ್ದು."

"ಹೌದಾ. ಈಗ ಯಾರು ಕಾಯ್ತರು?"

ಚುಚ್ಚಲು ಕೇಳಿದ್ದಲ್ಲ. ಹೊರಗಿನವನು, ಗೊತ್ತಿಲ್ಲದೆ ಕೇಳಿದ. ಇದ್ದ ಸರ್ಕಾರಕ್ಕೆ ಕರ ಕೊಡದೆ ಗದ್ದೆ ಕಳೆದುಕೊಂಡವನು, ಇಲ್ಲದ ರಾಜನ ಕರ ತಿನ್ನುವವನ ಪಕ್ಕದಲ್ಲಿ ಕೂತಿದ್ದ. ನಾನು ಬುಟ್ಟಿ ಎತ್ತಿಕೊಂಡು ಮನೆಗೆ ಬಂದೆ. ಆ ದಿನದ ಮೀನಿನ ಸಾರು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯಿತು. ಅದೇ ಇನ್ನೂ ನಾಚಿಕೆ.

ಈಗ ಕೂಸಿನ ವಿಷಯಕ್ಕೆ ಬರುತ್ತೇನೆ. ಸೊಸೆಗೆ ತಾಯಿ ಇಲ್ಲ, ಹಾಗಾಗಿ ಚೊಚ್ಚಲ ಹೆರಿಗೆ ನಮ್ಮಲ್ಲೇ ಎಂದಾಗಿತ್ತು. ಹುಣ್ಣಿಮೆ ಕಳೆದು ಎಷ್ಟೋ ದಿನಕ್ಕೆ ಎಂದು ಸೂಲಗಿತ್ತಿ ಹೇಳಿದ್ದಳು. ಕೂಸು ಸೂಲಗಿತ್ತಿಯ ಮಾತು ಕೇಳಲಿಲ್ಲ. ಒಳಗಿನಿಂದ ಅಳು ಕೇಳಿದಾಗ ನಾನು ಅಂಗಳದಲ್ಲಿ ಹುಣ್ಣಿಮೆಗೆಂದು ಹುಟ್ಟಿಗೆ ಮೀನೆಣ್ಣೆ ತಿಕ್ಕುತ್ತಿದ್ದೆ. ಅದೇನು ಧ್ವನಿ! ಅಳಿವೆಯಾಚೆಗೂ ಕೇಳಿರಬೇಕು. ತಲೆ ತುಂಬ ಕರಿ ಕೂದಲು, ಕಿವಿಯ ಮೇಲೂ ರೋಮ, ಮುಷ್ಟಿ ಕಟ್ಟಿದ್ದು ಬಿಡಿಸಲು ಆಗದು. ಬಾಗಿಲ ಸಂದಿಯಿಂದ ಹೆಂಡತಿ ತೋರಿಸಿದಳು. ನಾನು ಎಣ್ಣೆ ಕೈಯಲ್ಲೇ ಕುಣಿದೆ. ನಿಜವಾಗಿ ಕುಣಿದೆ, ಪಕ್ಕದ ಮನೆಯವರು ನೋಡಿದ್ದಾರೆ.

"ಕುಣಿದದ್ದು ಸಾಕು" ಎಂದಳು ಹೆಂಡತಿ. "ನಾಳೆ ಹುಣ್ಣಿಮೆ. ನಿಮಗೆ ಅಮೆ ಬಂತಲ್ಲ, ಸಮುದ್ರ ಯಾರು ನೋಡೂದು?"

ಹೆರಿಗೆಯ ಮೈಲಿಗೆಯನ್ನು ನಾವು ಅಮೆ ಎನ್ನುತ್ತೇವೆ. ಅಮೆ ಕಳೆಯುವ ತನಕ ಮನೆಯ ಗಂಡಸರು ದೋಣಿ, ಬಲೆ ಮುಟ್ಟುವಂತಿಲ್ಲ, ದೇವರಿಗೆ ಕಾಯಿ ಒಡೆಯುವಂತಿಲ್ಲ. ನನಗೂ ಅಮೆ, ಮಗನಿಗೂ ಅಮೆ. ಹುಟ್ಟು ನನ್ನ ಕೈಯಿಂದ ಜಾರಿ ಅಂಗಳಕ್ಕೆ ಬಿತ್ತು.

ಹುಣ್ಣಿಮೆಯ ದಿನ ಊರು ದಡದಲ್ಲಿ ಸೇರಿತು, ಸುಮ್ಮನೆ ಚದುರಿತು. ಮಳೆಗಾಲದ ಕೊನೆಗೆ ಯಾರ ಮನೆಯಲ್ಲೂ ಅಕ್ಕಿ ಇರುವುದಿಲ್ಲ. ಒಣಮೀನು ಮುಗಿದಿತ್ತು, ಗೆಣಸು ಮುಗಿಯುತ್ತ ಬಂದಿತ್ತು. ದೋಣಿಗಳಿಗೆ ಸಂದಿ ತುಂಬಿ, ಎಣ್ಣೆ ಬಳಿದು, ತೆಂಗಿನ ಮಡಲಿನ ಹೊದಿಕೆ ತೆಗೆದು ಇಟ್ಟಿದ್ದರು. ಕಣ್ಣೆದುರೇ ನೀರು ಕಪ್ಪಾಗಿ ತಿರುಗುತ್ತಿತ್ತು, ಕಾಗೆ ಹದ್ದುಗಳು ಎರಗುತ್ತಿದ್ದವು. ಕೆಳಗೆ ಮೀನು ಇದೆ ಎಂದು ಕುರುಡನಿಗೂ ಗೊತ್ತಾಗುವಂತಿತ್ತು. ಆಚೆ ಬೇಲೇಕೇರಿಯ ಹಾಯಿಗಳು ಆಗಲೇ ಹೊರಗೆ. ಅವರಿಗೆ ಗಲಬತ್ತಿನ ಕಟ್ಟಿಲ್ಲ.

ಸಂಜೆ ಬುದವಂತ ನಮ್ಮ ಅಂಗಳದ ಹೊರಗೆ ಬಂದು ನಿಂತ. ಬುದವಂತ ಎಂದರೆ ನಮ್ಮ ಕೇರಿಯ ಹಿರಿಯ; ಅವನ ಮಾತು ದಾಟುವವರಿಲ್ಲ. ಅಮೆಯ ಮನೆಯಾದ್ದರಿಂದ ಒಳಗೆ ಬರಲಿಲ್ಲ.

"ತಮಾ, ಅಮೆ ಮುಗೂವರೆಗೆ ಹೊಟ್ಟೆ ಕಟ್ಕಂಡು ಕೂತ್ಕಣೂಕೆ ಆಗ್ತದಾ? ಬೈತಖೋಲದಲ್ಲಿ ನಿಮ್ಮ ಚಿಕ್ಕಪ್ಪನ ಮಗ ಇದ್ದನಲ್ಲ. ಅವನೂ ಗಲಬತ್ತಿನ ಮನೆಯವನೇಯಾ. ಅವನ್ನ ಕರ್ಕಂಡು ಬಾ."

"ಅವನಿಗೂ ಅಮೆ ಅಲ್ದಾ?"

"ದೂರದವರಿಗೆ ಕೇಳಿದ ಮೇಲೆ ಅಮೆ. ಕೇಳದಿದ್ರೆ ಇಲ್ಲ. ಅವನ ಕಿವಿಗೆ ಕೂಸಿನ ಸುದ್ದಿ ಹಾಕ್ಬೇಡ, ಮುಗೀತು. ಅವ ನೋಡಿ ಬರ್ಲಿ. ಆಮೇಲೆ ಬೇಕಾದ್ರೆ ಡೋಲು ಹೊಡ್ದು ಹೇಳು."

ಶಾಸ್ತ್ರಕ್ಕೆ ಶಾಸ್ತ್ರವೂ ಆಯಿತು, ಹೊಟ್ಟೆಗೆ ಮೀನೂ ಆಯಿತು. ಬೇರೆ ಯಾರನ್ನಾದರೂ ಕಳಿಸಿದರೆ ಆಗುತ್ತಿರಲಿಲ್ಲವೇ ಎಂದು ಕೇಳಬೇಡಿ. ಮನೆಯ ಹಿರಿಯನೇ ಹೋಗಿ ಕರೆಯದೆ ದಾಯಾದಿ ಬರುವುದಿಲ್ಲ, ಅದೂ ಪಾಲು ಸಿಗದ ದಾಯಾದಿ. ಹೆಂಡತಿ ಮಾತ್ರ ತಲೆಗೆ ಕೈ ಹಚ್ಚಿದಳು. "ಸುದ್ದಿ ಹೇಳ್ಬಾರ್ದು ಅಂತ ಇವ್ರನ್ನ ಕಳಸೂದಾ? ತಳ ಇಲ್ದ ಗಡಿಗೆಲಿ ನೀರು ತುಂಬಿ ಕಳ್ಸಿದ ಹಾಗಾಯ್ತು."

ಮರುದಿನ ಕೋಳಿ ಕೂಗುವಾಗ ಹೊರಟೆ. ಅವರ್ಸೆ, ಹಾರವಾಡ, ಅಮದಳ್ಳಿ ದಾಟಿ, ಬಿಣಗಾದ ಏರು ಹತ್ತಿ ಇಳಿದರೆ ಬೈತಖೋಲ. ದಾರಿಯುದ್ದಕ್ಕೂ ಮಳೆ. ಮಳೆಯಲ್ಲಿ ನಡೆಯುತ್ತ ಸುಳ್ಳು ಜೋಡಿಸಿದೆ: ಕಾಲು ಉಳುಕಿದೆ, ದೋಣಿಯಲ್ಲಿ ನಿಲ್ಲಲು ಆಗುವುದಿಲ್ಲ. ಅಷ್ಟು ದೂರ ನಡೆದು ಬಂದವನ ಕಾಲು ಉಳುಕಿದೆ ಎಂದರೆ ಯಾರು ನಂಬುತ್ತಾರೆ ಎಂದು ಹೊಳೆದದ್ದು ಅವನ ಮನೆಯ ಮೆಟ್ಟಿಲು ಕಂಡಾಗ. ಅಲ್ಲಿಂದಲೇ ಕುಂಟತೊಡಗಿದೆ.

ಈ ಚಿಕ್ಕಪ್ಪನ ಮಗ, ವರಸೆಯಲ್ಲಿ ನನಗೆ ತಮ್ಮ, ಬಂದರಿನಲ್ಲಿ ಸರಕು ಹೊರುವವನು. ದುಡಿದು ಗಟ್ಟಿಯಾದ ಮೈ. ನಾನು ಹೇಳಿದ್ದನ್ನು ಕೇಳಿ ಬೀಡಿ ಹಚ್ಚಿದ.

"ಇಷ್ಟು ವರ್ಷ ಪಾಲು ತಿನ್ನೂಕೆ ನಿನ್ನ ಕಾಲು ಬೇಕಾಗಿತ್ತು. ನೋಡೂಕೆ ಮಾತ್ರ ನನ್ನ ಕಾಲು ಬೇಕಾಯ್ತಾ ಅಣ್ಣಾ?"

ನಾನು ನೆಲ ನೋಡಿದೆ. ಅವನ ಮಾತಿನಲ್ಲಿ ತಪ್ಪೇನಿತ್ತು? ನಮ್ಮ ಹಿರಿಯರು ಒಂದೇ ಸಾಲಿನಲ್ಲಿ ಹುಟ್ಟು ಹಾಕಿದವರು. ಕೇಣಿಯಲ್ಲಿ ಉಳಿದವನಿಗೆ ಪಾಲು, ಬಿಟ್ಟು ಹೋದವನಿಗೆ ಹೊರೆ.

ಅವನ ಹೆಂಡತಿ ಕಾರವಾರದ ಕಡೆಯವಳು, ಕೊಂಕಣಿ ಮನೆಮಾತು. ಗಂಜಿ ಬಡಿಸುತ್ತ, "ಅರೇ, ಹಿರಿಯರು ಮನೆಗೆ ಬಂದು ಕರೀತ್ರು, ನಿಮದೊಂದು" ಎಂದು ಗಂಡನನ್ನು ಗದರಿದಳು. ಆಮೇಲೆ ನನ್ನತ್ತ ತಿರುಗಿ ಕೇಳಿದಳು: "ಬಾವಾ, ಸೊಸೆಗೆ ದಿನ ಹತ್ರ ಬಂತಲ್ಲ?"

ಬಾಯಿ ತುಂಬ ಗಂಜಿ ಇದ್ದದ್ದು ದೇವರ ದಯೆ. "ಹ್ಞೂಂ" ಎಂದೆ. ಆ ಒಂದು "ಹ್ಞೂಂ" ಹೊರಡುವಾಗ ಎದೆಯಲ್ಲಿ ಕೂಸು ಕೈಕಾಲು ಬಡಿದಂತಾಯಿತು. ಜನ್ಮದಲ್ಲಿ ಮೊದಲ ಸಲ ಅಜ್ಜನಾಗಿ, ಆ ಸುದ್ದಿಯನ್ನು ಗಂಜಿಯ ಜೊತೆ ನುಂಗುವುದು ಏನೆಂದು ಅಜ್ಜಂದಿರಿಗೇ ಗೊತ್ತು.

ತಮ್ಮ ಒಪ್ಪಿದ. ಮರುದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ನಾನು ಕುಂಟುತ್ತ, ಅವನು ನನ್ನ ಕೈ ಹಿಡಿಯುತ್ತ. ಏರಿನಲ್ಲಿ ಒಂದೆರಡು ಕಡೆ ಹೊತ್ತುಕೊಂಡೂ ನಡೆದ. ಅವನ ಬೆನ್ನ ಮೇಲೆ ಕೂತು ನಾನು ಪಟ್ಟ ನಾಚಿಕೆ ಬರೆಯಲು ಬರುವುದಿಲ್ಲ. ಆದರೂ ಬಾಯಿ ಬಿಗಿ ಹಿಡಿದಿದ್ದೆ. ಅಮದಳ್ಳಿ ದಾಟಿದೆವು, ಹಾರವಾಡ ದಾಟಿದೆವು. ಅವರ್ಸೆಯಲ್ಲಿ ಯಾರೋ ಪರಿಚಯದವರು "ಏನು ವಿಶೇಷ?" ಎಂದಾಗಲೂ "ಎಂತ ಇಲ್ಲ" ಎಂದೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಕೇಣಿ ಇನ್ನೇನು ಕಾಣಬೇಕು, ಹಳ್ಳದ ಬದಿಯ ಕಟ್ಟೆಯ ಮೇಲೆ ದಣಿವಾರಿಸಲು ಕೂತೆವು. ಒಬ್ಬ ಹೆಂಗಸು ಸೊಂಟದ ಮೇಲೆ ಹಸುಗೂಸು ಎತ್ತಿಕೊಂಡು ಹಳ್ಳ ದಾಟಿ ಬಂದಳು. ತಮ್ಮನಿಗೆ ಮಕ್ಕಳೆಂದರೆ ಪ್ರೀತಿ. ಅದರ ಗಲ್ಲ ಮುಟ್ಟಿ, "ನೋಡಣ್ಣಾ, ಎಷ್ಟು ಕೂದಲು ಇದಕ್ಕೆ!" ಎಂದ.

"ಇದೆಂತ ಕೂದಲು" ಎಂದೆ ನಾನು. "ನಮ್ಮ ಕೂಸಿಗೆ ನೋಡ್ಬೇಕು ನೀನು, ಹುಟ್ಟಿ ಮೂರು ದಿನಕ್ಕೆ ಹಣೆ ಮುಚ್ತದೆ!"

ಹೆಂಗಸು ನಕ್ಕು ಹೋದಳು. ಹಳ್ಳದ ನೀರು ಹರಿಯುವುದು ಕೇಳುತ್ತಿತ್ತು. ತಮ್ಮ ನಿಧಾನವಾಗಿ ನನ್ನತ್ತ ತಿರುಗಿದ.

"ಯಾವ ಕೂಸು?"

ನನ್ನ ನಾಲಿಗೆಯನ್ನು ಕಿತ್ತು ಹಳ್ಳಕ್ಕೆ ಎಸೆಯಬೇಕೆನಿಸಿತು. "ಯಾವ್ದೂ ಅಲ್ಲ. ಪಕ್ಕದ ಮನೇದು."

"ಅಣ್ಣಾ."

ನಾನು ಬಗ್ಗಿ ಉಳುಕಿದ ಕಾಲು ನೀವತೊಡಗಿದೆ.

"ಕಾಲು ಉಳುಕಿದ್ದೂ ಸುಳ್ಳಾ?"

"ಹೌದು ತಮಾ."

"ನಿನ್ನ ಹೊತ್ಕಂಡು ಬಿಣಗಾದ ಏರು ಹತ್ತಿದ್ನಲ್ಲೋ!" ಎಂದು ಹಣೆ ಬಡಿದುಕೊಂಡ. ಆಮೇಲೆ ತಟ್ಟನೆ ಕೇಳಿದ, "ಗಂಡೋ ಹೆಣ್ಣೋ?"

"ಹೆಣ್ಣು." ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸುವವರು ಯಾರು? ಕೂದಲು, ಮುಷ್ಟಿ, ಕಿವಿಯ ಮೇಲಿನ ರೋಮ, ಆ ಧ್ವನಿ, ಎಲ್ಲ ಹೇಳಿಬಿಟ್ಟೆ. ಹೇಳಿ ಮುಗಿದ ಮೇಲೆ ಊರಿನ ನೆನಪಾಯಿತು. ಅವನ ಕೈ ಹಿಡಿದು ಬೇಡಿದೆ. "ತಮಾ, ನೀನು ಕೇಳ್ಲಿಲ್ಲ ಅಂತ ಮಾಡ್ಕೋ. ಇಲ್ಲಿ ಬೇರೆ ಯಾರೂ ಇಲ್ಲ. ಊರು ಹಸಿದು ಕೂತದೆ."

"ನಾ ಕೇಳ್ಲಿಲ್ಲ ಅಂದ್ರೆ ಸಮುದ್ರಕ್ಕೆ ಕೇಳ್ಲಿಲ್ವಾ?" ಎಂದವನು ಉಟ್ಟ ಪಂಚೆಯಲ್ಲೇ ಹಳ್ಳಕ್ಕಿಳಿದು ಮುಳುಗು ಹಾಕಿದ. ಅಮೆಯ ಸುದ್ದಿ ಕೇಳಿದ ಕೂಡಲೇ ಮೀಯಬೇಕು. ಎದ್ದು ಬಂದವನ ತಲೆಯಿಂದ ನೀರು ಸುರಿಯುತ್ತಿತ್ತು. ಬೈಯುತ್ತಾನೆ, ಅಲ್ಲಿಂದಲೇ ತಿರುಗಿ ಹೋಗುತ್ತಾನೆ ಎಂದುಕೊಂಡೆ. ಅವನು ಪಂಚೆಯ ತುದಿ ಹಿಂಡಿ ಹೇಳಿದ, "ಹೆಂಗೂ ಅಮೆ ಬಂತು. ಇನ್ನು ಕೂಸು ಮುಟ್ಟೂಕೆ ಅಡ್ಡಿಲ್ಲ. ನಡಿ, ನೋಡ್ಕಂಡೇ ಹೋಗ್ತೆ. ಮತ್ತೆ ಕುಂಟ್ಬೇಡ, ಮಾರಾಯಾ."

ದಡದಲ್ಲಿ ಊರೆಲ್ಲ ಸೇರಿತ್ತು. ಭರತಕ್ಕೆ ಸರಿಯಾಗಿ ಬರುತ್ತೇವೆಂದು ಸಣ್ಣ ದೋಣಿಯನ್ನು ನೀರಿನ ಅಂಚಿಗೆ ತಂದಿಟ್ಟಿದ್ದರು, ಹುಟ್ಟಾಳುಗಳಿಬ್ಬರು ಅದರ ಪಕ್ಕ ನಿಂತಿದ್ದರು, ಬುದವಂತನ ಕೈಯಲ್ಲಿ ಕುಂಕುಮ ಹಚ್ಚಿದ ಕಾಯಿ ಇತ್ತು. ನಮ್ಮಿಬ್ಬರನ್ನು ಕಂಡು ಹೋ ಎಂದು ಕೂಗಿದರು. ಹತ್ತಿರ ಬಂದಂತೆ ತಮ್ಮನ ಒದ್ದೆ ತಲೆ ಕಂಡಿತು. ಅಂದು ಮಳೆ ಇರಲಿಲ್ಲ. ಕೂಗು ಅಲ್ಲಲ್ಲೇ ಸತ್ತಿತು.

"ಮಿಂದ್ಯಾ?" ಎಂದ ಬುದವಂತ ತಮ್ಮನಿಗೆ.

"ಮಿಂದೆ."

ಬುದವಂತ ನನ್ನನ್ನು ನೋಡಿದ. ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಮೊದಲು ಯಾರೋ ಕಿಸಕ್ಕೆಂದು ನಕ್ಕರು, ನಗು ದಡದುದ್ದಕ್ಕೂ ಹಬ್ಬಿತು. ಆದರೆ ಹಸಿದವರ ನಗು ಹೆಚ್ಚು ಹೊತ್ತು ಬಾಳುವುದಿಲ್ಲ. ಮೀನು ಮಾರುವ ಮುದುಕಿಯೊಬ್ಬಳು ಮುಂದೆ ಬಂದಳು. ಗಂಡ ಮಗ ಇಬ್ಬರನ್ನೂ ಸಮುದ್ರಕ್ಕೆ ಕೊಟ್ಟವಳು, ತಲೆಹೊರೆಯಲ್ಲೇ ಬದುಕಿದವಳು. ಅವಳ ಬಾಯಿಗೆ ಬುದವಂತನೂ ಹೆದರುತ್ತಾನೆ.

"ಏ ಗಲಬತ್ತೂ, ನಿಂಗೆ ನಾಚ್ಕೆ ಆಗ್ತಿಲ್ವಾ? ವರ್ಷಪೂರ್ತಿ ಕೂತು ತಿಂದೆ. ಒಂದಿನದ ಕೆಲಸ, ಅದೂ ಆಗ್ಲಿಲ್ಲ. ಬಾಯಿ ಮುಚ್ಕಂಡು ಬಾ ಅಂದ್ರೆ ಅದೂ ಆಗ್ಲಿಲ್ಲ."

ಅದು ನನಗೆ ಬರಬೇಕಾದದ್ದೇ.

"ಅಲ್ಲ, ಆ ಕೂಸಿನ ಕಾಲ್ಗುಣವೇ ಹಂಗದೆ. ಹುಟ್ಟೂಕೂ ಸಮುದ್ರಕ್ಕೆ ಬಾಗ್ಲು ಹಾಕೂಕೂ ಸರಿಹೋಯ್ತು. ಇನ್ನು ಮುಂದೆ ಎಂತೆಂತ ಮುಚ್ತದೋ."

ಈ ಮಾತಿಗೆ ಯಾರೂ ನಗಲಿಲ್ಲ. ಹಲವರು ತಲೆಯಾಡಿಸಿದರು. ಅದನ್ನು ನಾನು ನೋಡಿದೆ. ನಮ್ಮಲ್ಲಿ ಒಮ್ಮೆ ಕಾಲ್ಗುಣ ಕೆಟ್ಟದ್ದು ಎಂಬ ಮಾತು ಅಂಟಿದರೆ ಮುಗಿಯಿತು. ದೋಣಿ ಹೊರಡುವಾಗ ಅವಳು ಎದುರು ಬರಬಾರದು, ಬಲೆ ದಾಟಬಾರದು, ಮದುವೆಯ ಮಾತು ಬಂದಾಗ ಮೊದಲು ಅದೇ ಮಾತು ಬರುತ್ತದೆ. ಮೂರು ದಿನದ ಕೂಸು, ಇನ್ನೂ ಕಾಲು ನೆಲಕ್ಕೆ ತಾಗಿಲ್ಲ, ಆಗಲೇ ಕಾಲಿಗೆ ಕೆಟ್ಟ ಹೆಸರು. ಅದು ಅವಳ ಕಾಲ ತಪ್ಪಲ್ಲ. ನಾವು ತಿಂದ ಪಾಲಿನ ತಪ್ಪು. ಪಾಲು ಇರುವುದರಿಂದ ತಾನೇ ಕಟ್ಟು ಇರುವುದು? ನಮ್ಮ ಮನೆ ಪಾಲು ತಿನ್ನದಿದ್ದರೆ ನಮ್ಮ ಮನೆಯ ಅಮೆ ಯಾರ ದೋಣಿಯನ್ನು ತಡೆಯುತ್ತದೆ?

ದೊಡ್ಡ ಯೋಚನೆ ಮಾಡಿ ಹೇಳಿದೆ ಎಂದು ತಿಳಿಯಬೇಡಿ. ಶೆಟಗೇರಿಯವನು ಜನರ ಹಿಂದೆ ನಿಂತು ನೋಡುತ್ತಿದ್ದ. ಅವನ ಕಣ್ಣಿಗೆ ಕಣ್ಣು ಕೊಡಲಾಗದೆ ಸಮುದ್ರದತ್ತ ತಿರುಗಿ ಕೂಗಿದೆ.

"ಪಾಲು ಬೇಡ! ಇವತ್ತಿಂದ ನಮ್ಮ ಮನೆಗೆ ಗಲಬತ್ತಿನ ಪಾಲು ಬೇಡ. ತಿನ್ನೂದಿಲ್ಲ, ಹಾಗಾಗಿ ನೋಡೂಕೂ ಇಲ್ಲ. ನೀವು ದೋಣಿ ಇಳ್ಸಿ. ಕೂಸಿನ ಸುದ್ದಿಗೆ ಬರ್ಬೇಡಿ."

ಮಗ ದಡದ ಮೇಲ್ಗಡೆಯಿಂದ "ಅಪ್ಪಾ" ಎಂದ. ತಮ್ಮ ನನ್ನ ಪಕ್ಕಕ್ಕೆ ಬಂದು ನಿಂತು, "ನಂದೂ ಅದೇ ಮಾತು" ಎಂದ. "ನಂಗೆ ಹೆಂಗೂ ಸಿಕ್ತಿತ್ತಿಲ್ಲ, ಬಿಡೂಕೆ ಕಷ್ಟ ಇಲ್ಲ."

ಬುದವಂತ ಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಅವನಿಗೆ ಭಯವಿತ್ತು. ನೋಡದೆ ಇಳಿದು ಒಂದು ದೋಣಿ ಮಗುಚಿದರೂ ಮಾತು ಅವನ ತಲೆಗೆ ಬರುತ್ತದೆ.

"ಪಾಲು ಬಿಟ್ರೆ ಆ ರಾಶಿ ಎಲ್ಲಿಗೆ ಹೋಗ್ತದೆ?" ಎಂದು ಕೇಳಿದ.

"ಎಲ್ಲರ ರಾಶಿಗೆ ಸೇರ್ತದೆ" ಎಂದ ಹುಟ್ಟಾಳುಗಳಲ್ಲಿ ಒಬ್ಬ.

"ಹಂಗಾರೆ ಇನ್ನು ಗಲಬತ್ತಿನ ಪಾಲು ಊರೇ ತಿಂತದೆ." ಬುದವಂತ ಒಂದೊಂದೇ ಮಾತು ಇಟ್ಟು ಹೇಳಿದ. "ತಿಂದವರು ನೋಡ್ಬೇಕು. ಊರು ತಿಂದ್ರೆ ನೋಡೂದೂ ಊರೇ. ಎಲ್ಲಾ ದ್ವಾಣಿ ಒಟ್ಟಿಗೇ ಹೋಗ್ಲಿ. ಎಲ್ಲರೂ ನಿಂತು ನೋಡ್ಲಿ. ಎಲ್ಲರೂ ಹುಟ್ಟು ಎತ್ಲಿ. ಆಮೇಲೆ ಕಾಯಿ ಬಿಡ್ತೆ."

ಕಟ್ಟು ಮುರಿಯಲಿಲ್ಲ, ಹಂಚಿಹೋಯಿತು. ಅದು ಹೊಳೆದದ್ದು ಅವನ ತಲೆಗೆ, ನನ್ನ ತಲೆಗಲ್ಲ.

ದೋಣಿಗಳನ್ನು ಉರುಳುವ ಮರದ ತುಂಡುಗಳ ಮೇಲೆ ನೂಕಿ ನೀರಿಗಿಳಿಸಿದರು. ನಾನು ಮುಟ್ಟುವಂತಿರಲಿಲ್ಲ. ನಾನು, ಮಗ, ತಮ್ಮ, ಮೂವರು ಅಮೆಯವರು ಹೊನ್ನೆ ಮರದ ಬುಡದಲ್ಲಿ ನಿಂತು ನೋಡಿದೆವು. ಅಳಿವೆಯ ಬಾಯಲ್ಲಿ ತೆರೆ ಒಡೆಯುವುದನ್ನು ಕಾದು, ನೀರು ಉಸಿರು ಬಿಟ್ಟಾಗ ಒಂದರ ಹಿಂದೆ ಒಂದು ದಾಟಿದವು. ಕೊನೆಯ ದೋಣಿಗೆ ಒಂದು ತೆರೆ ಅಡ್ಡ ಹೊಡೆದು ಮೂತಿ ಆಕಾಶಕ್ಕೆ ಎದ್ದಾಗ ನಾನು ಮಗನ ತೋಳು ಹಿಡಿದುಕೊಂಡೆ. ಅದು ಮಗುಚಿದರೆ ಕೂಸಿನ ಹೆಸರು ಇನ್ನು ತೊಳೆದರೂ ಹೋಗುವುದಿಲ್ಲ. ದೋಣಿ ತೆರೆಯ ಬೆನ್ನೇರಿ ಆಚೆ ಇಳಿಯಿತು. ಆಮೇಲೆ ಆಚೆ ನೀರಿನಲ್ಲಿ ಎಲ್ಲ ದೋಣಿಗಳಲ್ಲೂ ಹುಟ್ಟುಗಳು ಒಟ್ಟಿಗೆ ಎದ್ದು ನಿಂತವು. ನಾನು ಎತ್ತುತ್ತಿದ್ದದ್ದು ಒಂದು. ಅಷ್ಟೊಂದು ಹುಟ್ಟುಗಳು ನೆಟ್ಟಗೆ ನಿಂತದ್ದನ್ನು ನಮ್ಮ ಅಪ್ಪನಾಗಲಿ ಅಜ್ಜನಾಗಲಿ ಕಂಡಿರಲಾರರು.

ಮನೆಗೆ ಬಂದು ಹೇಳಿದಾಗ ಹೆಂಡತಿ ಒಲೆಯ ಮುಂದಿನಿಂದ ಏಳಲಿಲ್ಲ. "ಕೂಸು ಹುಟ್ದ ವಾರದಲ್ಲೇ ಅನ್ನ ಬಿಟ್ಟು ಬಂದ್ರಿ. ನಾಳೆ ಬಾಣಂತಿಗೆ ಎಂತ ಹಾಕ್ಲಿ?" ಎಂದಳು. ತಮ್ಮ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಅಣ್ಣಾ, ಕೂದಲಿನ ವಿಷಯದಲ್ಲಿ ನೀನು ಸುಳ್ಳು ಹೇಳ್ಲಿಲ್ಲ" ಎಂದ.

ಅಮೆ ಮುಗಿಯುವ ತನಕ ದಡದತ್ತ ಹೋಗಲಿಲ್ಲ. ಬಲೆಗೆ ಮೀನು ಬಿದ್ದಾಗಿನ ಜನರ ಗದ್ದಲ ಮನೆಗೇ ಕೇಳುತ್ತಿತ್ತು. ಸೊಸೆಯ ಬಾಣಂತನ ತಮ್ಮ ಬೈತಖೋಲದಿಂದ ಮತ್ತೆ ಬಂದು ಕೊಟ್ಟುಹೋದ ಅಕ್ಕಿಯಲ್ಲಿ ನಡೆಯಿತು. ಹೊರೆ ಹೊರುವವನು ತನ್ನ ಹೊರೆಯ ಕೂಲಿಯಿಂದ ಕೊಟ್ಟ ಅಕ್ಕಿ. ಅದನ್ನು ತಿನ್ನುವಾಗಲೂ ತಲೆ ಎತ್ತಲಿಲ್ಲ.

ಅಮೆ ಕಳೆದು ಮಿಂದ ಮರುದಿನ ಹಗ್ಗಕ್ಕೆ ಹೋದೆ. ದೋಣಿ ಬಲೆಯನ್ನು ದೊಡ್ಡ ಕಮಾನಿನಂತೆ ಬಿಡುತ್ತ ಬಂದು ಎರಡು ತುದಿಗಳ ಹಗ್ಗವನ್ನು ದಡಕ್ಕೆ ಕೊಡುತ್ತದೆ. ಹಗ್ಗಕ್ಕೆ ಸೊಂಟದ ಪಟ್ಟಿ ಸಿಕ್ಕಿಸಿ ಹಿಂದೆ ಹಿಂದೆ ನಡೆಯಬೇಕು; ಸಾಲಿನ ಕೊನೆಗೆ ಬಂದವನು ಬಿಚ್ಚಿಕೊಂಡು ನೀರಿಗೆ ಓಡಿ ಮತ್ತೆ ಮೊದಲು ಹಿಡಿಯಬೇಕು. ಹುಟ್ಟಿದಾಗಿನಿಂದ ನೋಡಿದ ಕೆಲಸ, ಒಂದು ದಿನ ಮಾಡಿದ್ದಲ್ಲ. ಮೊದಲ ಸುತ್ತಿಗೇ ಅಂಗೈ ಸುಲಿಯಿತು. ಎರಡನೆಯ ಸುತ್ತಿಗೆ ಮರಳಲ್ಲಿ ಅಂಗಾತ ಬಿದ್ದೆ. ಸಾಲು ನಿಲ್ಲಲಿಲ್ಲ, ನನ್ನನ್ನು ದಾಟಿ ಹೋಯಿತು. ಅಜ್ಜನಾದವನು, ಚಿಕ್ಕ ಹುಡುಗಿಯರ ಮುಂದೆ ಮರಳು ಉಗುಳುತ್ತ ಎದ್ದೆ.

"ಕೈಯಲ್ಲಿ ಎಳೀಬೇಡಿ ಕಾಕಾ" ಎಂದ ಶೆಟಗೇರಿಯವನು, ತನ್ನ ಪಕ್ಕ ಜಾಗ ಮಾಡಿ. "ಹಿಮ್ಮಡಿ ಊರಿ, ಸೊಂಟಕ್ಕೆ ಭಾರ ಬಿಡಿ. ನಂಗೂ ಮೊದಲ ದಿನ ಹಿಂಗೇ ಆಗಿತ್ತು." ಮತ್ತೆ ಏನೂ ಕೇಳಲಿಲ್ಲ.

ಬಲೆ ಬಂತು. ಬಂಗಡೆ ದಡದ ಮೇಲೆ ಬೆಳ್ಳಗೆ ಕುಣಿಯಿತು. ಬಲೆಯವರಿಗೆ, ದೋಣಿಗೆ ತೆಗೆದು ಉಳಿದದ್ದನ್ನು ಹಗ್ಗದವರಿಗೆ ರಾಶಿ ಹಾಕಿದರು. ರಾಶಿಗಳಲ್ಲಿ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಅದಕ್ಕೆ ಒಬ್ಬರು ರಾಶಿಗಳಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಇನ್ನೊಬ್ಬರು ಒಂದು ರಾಶಿಗೆ ಬೆರಳಿಟ್ಟು "ಇದು ಯಾರಿಗೆ?" ಎಂದು ಕೂಗಿದರೆ, ಬೆನ್ನು ಹಾಕಿದವರು ಮನಸ್ಸಿಗೆ ಬಂದ ಹೆಸರು ಹೇಳುತ್ತಾರೆ. ಹೇಳಿದವರಿಗೆ ಅದು. ಅಂದು ಬೆನ್ನು ಹಾಕಿ ಸಮುದ್ರ ನೋಡುತ್ತ ನಿಂತವಳು ಆ ಮುದುಕಿ. ಬುದವಂತ ಬೆರಳಿಡುತ್ತ ಹೋದ, ಅವಳು ಹೆಸರು ಕೂಗುತ್ತ ಹೋದಳು. ನನ್ನ ಹೆಸರು ಆ ಕೂಗಿನಲ್ಲಿ ಎಂದೂ ಬಂದದ್ದಿಲ್ಲ. ಒಬ್ಬೊಬ್ಬರೇ ಬಂದು ತಮ್ಮದನ್ನು ತುಂಬಿಕೊಂಡರು. ಶೆಟಗೇರಿಯವನದೂ ಆಯಿತು. ನನ್ನನ್ನು ಬಿಟ್ಟೇ ಬಿಟ್ಟಳು ಎಂದುಕೊಂಡೆ. ಹಗ್ಗ ಎಳೆದದ್ದಕ್ಕಿಂತ ಬಿದ್ದದ್ದೇ ಹೆಚ್ಚು, ಕೇಳುವ ಮುಖವೂ ಇರಲಿಲ್ಲ. ಹೋಗಿಬಿಡೋಣ ಎಂದು ತಿರುಗಿದೆ.

"ಇದು ಯಾರಿಗೆ?" ಎಂದ ಬುದವಂತ.

ಮುದುಕಿ ತಡೆದಳು. ಗಲಬತ್ತು ಎನ್ನುವಂತಿಲ್ಲ, ನನ್ನ ಹೆಸರು ನೆನಪಿಲ್ಲ. ಸೊಂಟಕ್ಕೆ ಕೈಯಿಟ್ಟು, ಸಮುದ್ರವೇ ಬೆಚ್ಚುವಂತೆ ಕೂಗಿದಳು:

"ಕೂಸಿನಜ್ಜಗೆ!"

ದಡವೆಲ್ಲ ಹೋ ಎಂದು ನಕ್ಕಿತು. ಹಳ್ಳದ ಕಟ್ಟೆಯ ಕತೆ ಆಗಲೇ ಮನೆಮನೆಗೆ ಹೋಗಿತ್ತಲ್ಲ. ಮುಖ ಎಲ್ಲಿಡಲಿ ಎಂದು ತಿಳಿಯದೆ ರಾಶಿಯ ಮುಂದೆ ಬಗ್ಗಿದೆ. ಸಣ್ಣ ರಾಶಿ. ಮೊದಲು ನನ್ನ ಬುಟ್ಟಿಗೆ ಬೀಳುತ್ತಿದ್ದದ್ದರ ಮುಂದೆ ಅದು ಏನೂ ಅಲ್ಲ. ಸುಲಿದ ಅಂಗೈಗೆ ಉಪ್ಪುನೀರು ತಾಗಿ ಉರಿಯುತ್ತಿತ್ತು. ಹೆಗಲ ವಸ್ತ್ರ ಬಿಡಿಸಿ ಒಂದೊಂದೇ ಮೀನು ಇಟ್ಟುಕೊಂಡೆ. ಒಂದು ಬಂಗಡೆ ಜಾರಿ ಮರಳಿಗೆ ಬಿತ್ತು. ನಗುವವರೆಲ್ಲ ನೋಡುತ್ತಿದ್ದರು. ಮತ್ತೆ ಬಗ್ಗಿದೆ, ಅದನ್ನೂ ಎತ್ತಿ, ಮರಳು ಒರೆಸಿ ಇಟ್ಟುಕೊಂಡೆ. ನನ್ನದಾಗಿತ್ತು.